ಕಲಿತ ಭಾಷೆ ಎಷ್ಟು ಕಾಲ ಬಾಳೀತು?

ಮಾಘಮಾಸದ ಒಂದು ಸೋಮವಾರ ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣವನ್ನು ಹೊಕ್ಕವರಿಗೆ ಕಣ್ಣು ತುಂಬ ಕೆಂಪು ಬಣ್ಣ ಕಾಣುವುದಕ್ಕೆ ಮೊದಲೇ ಒಂದು ಸೀನು ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಮೆ, ಬಣ್ಣ ಹೆಚ್ಚು ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಸಾವಿರಾರು ಚೀಲಗಳು ಒಂದೆಡೆ ಸೇರಿದಾಗ ಆ ಕಡಮೆ ಖಾರವೂ ಮೂಗಿಗೆ ಸಾಕಷ್ಟಾಗುತ್ತದೆ. ಕುಳ್ಳಗೆ ಉಬ್ಬಿರುವ ಡಬ್ಬಿ ಕಾಯಿ, ತೆಳ್ಳಗೆ ಉದ್ದವಾಗಿ ಸುಕ್ಕುಗಟ್ಟಿದ ಕಡ್ಡಿ ಕಾಯಿ, ಹೊರಗಿನಿಂದ ಬಂದ ಸಂಕರ ತಳಿಗಳ ಕಾಯಿ, ಎಲ್ಲವೂ ರಾಶಿರಾಶಿಯಾಗಿ ಬಿದ್ದಿರುತ್ತವೆ. ಖರೀದಿದಾರರು ಕಾಯನ್ನು ಮುರಿದು, ಮೂಸಿ, ಕೈಯಲ್ಲಿ ಅದುಮಿ ನೋಡುತ್ತಾರೆ. ಇಷ್ಟು ಹಿಂದಿನ ಕಾಲದಂತೆಯೇ ಇದೆ. ಧಾರಣೆ ಹೇಳುವ ಬಗೆ ಮಾತ್ರ ಬದಲಾಗಿದೆ. ಲಿಲಾವಿನ ಕೂಗಿನ ಬದಲು ಗಣಕಯಂತ್ರದ ಮೂಲಕ ಟೆಂಡರು ನಡೆಯುತ್ತದೆ.

ಮಾಲು ಮಾರಾಟವಾದ ಮೇಲೆ ರೈತನ ಕೈಗೆ ಬರುವುದು ಒಂದು ಚೀಟಿ. ಅದಕ್ಕೆ ‘ಪಟ್ಟಿ’ ಎಂದು ಹೆಸರು. ಚೀಲಗಳ ಸಂಖ್ಯೆ, ತೂಕ, ಕ್ವಿಂಟಲಿಗೆ ಧಾರಣೆ, ಹಮಾಲಿ, ತೂಕದ ಕೂಲಿ, ಮುಂಗಡ ತಂದ ಹಣವಿದ್ದರೆ ಅದು, ಕೊನೆಗೆ ಕೈಗೆ ಬರುವ ಮೊತ್ತ: ಒಂದು ಕುಟುಂಬದ ಇಡೀ ವರ್ಷದ ದುಡಿಮೆ ಆ ಒಂದು ಚೀಟಿಯಲ್ಲಿ ಅಡಗಿರುತ್ತದೆ. ಹಿಂದೆ ದಲಾಲಿ ಅಂಗಡಿಯ ಗುಮಾಸ್ತನು ಅದನ್ನು ಕೈಯಿಂದ ಬರೆಯುತ್ತಿದ್ದನು. ಈಗ ಬಹುಮಟ್ಟಿಗೆ ಯಂತ್ರವೇ ಅಚ್ಚು ಮಾಡಿಕೊಡುತ್ತದೆ.

ಇಂಥದೊಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ತರುಣನೊಬ್ಬನು ನಮ್ಮಲ್ಲಿಗೆ ಬಂದು ಒಂದು ಪ್ರಶ್ನೆಯನ್ನಿಟ್ಟನು. ರಾಣೆಬೆನ್ನೂರಿನಲ್ಲಿ ಬಿ.ಕಾಂ. ಮುಗಿಸಿದವನು, ತಂದೆಗೆ ನಾಲ್ಕು ಎಕರೆ ಎರೆಹೊಲ, ಅದರಲ್ಲಿ ಮೆಣಸಿನಕಾಯಿ. ಅಂಗಡಿಯ ಲೆಕ್ಕವೆಲ್ಲ ‘ಟ್ಯಾಲಿ’ ಎಂಬ ತಂತ್ರಾಂಶದಲ್ಲಿ ನಡೆಯುತ್ತದೆ. ಆ ಟ್ಯಾಲಿಯನ್ನು ನಮಗೆ ಬೇಕಾದಂತೆ ತಿದ್ದಿಕೊಳ್ಳಲು ‘ಟಿಡಿಎಲ್’ ಎಂಬ ಬೇರೊಂದು ಗಣಕ ಭಾಷೆಯೇ ಉಂಟು. ಅದನ್ನು ಕಲಿಯಲು ಆರು ತಿಂಗಳ ಸಂಜೆಗಳು ಬೇಕು. ಶುಲ್ಕವನ್ನು ಈ ಸಾರಿಯ ಕಾಯಿಯ ಹಣದಿಂದ ಕೊಡಲು ತಂದೆ ಒಪ್ಪಿದ್ದಾರೆ. “ಆದರೆ ಟ್ಯಾಲಿಯ ಹೊರಗೆ ಆ ಭಾಷೆಗೆ ಕೆಲಸವಿಲ್ಲ. ಹತ್ತು ವರ್ಷದ ಮೇಲೆ ಅದು ಯಾರಿಗೂ ಬೇಡವಾದರೆ ಅಪ್ಪನ ದುಡ್ಡೂ ಹೋಯಿತು, ನನ್ನ ವಯಸ್ಸೂ ಹೋಯಿತು. ಕಲಿಯಲೋ ಬೇಡವೋ, ನೀವೇ ಹೇಳಿರಿ” ಎಂದನು.

ಪ್ರಶ್ನೆ ಅವನೊಬ್ಬನದಲ್ಲ. ಹಾವೇರಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ವಿದ್ಯಾರ್ಥಿಗೂ ‘ವೆರಿಲಾಗ್’ನಂಥ ಭಾಷೆಯನ್ನು ಕುರಿತು ಇದೇ ಸಂದೇಹ ಬರಬಹುದು. ಆದುದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಈ ಟಿಡಿಎಲ್ ಎಂದರೇನು? ಟ್ಯಾಲಿ ನಮ್ಮ ಬೆಂಗಳೂರಿನಲ್ಲೇ ಬೆಳೆದದ್ದು. 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಇದನ್ನು ಆರಂಭಿಸಿದರು. ಪ್ರತಿ ಖಾತೆಗೂ ಒಂದು ಸಂಕೇತಸಂಖ್ಯೆಯನ್ನು ಬಾಯಿಪಾಠ ಮಾಡಬೇಕಾಗಿದ್ದ ಕಾಲದಲ್ಲಿ, ಖಾತೆಯನ್ನು ಅದರ ಹೆಸರಿನಿಂದಲೇ ಕರೆಯಬಹುದೆಂಬ ಸೌಕರ್ಯವನ್ನು ಅದು ಕೊಟ್ಟಿತು. ಕಿರ್ದಿ, ಖಾತೆ, ಜಮಾ-ಖರ್ಚುಗಳಲ್ಲಿ ಪಳಗಿದ ನಮ್ಮ ಪೇಟೆಯವರಿಗೆ ಇದು ಹಿಡಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಸಾಮಾನ್ಯವಾದ ಗಣಕ ಭಾಷೆಯಲ್ಲಿ ನಾವು ಯಂತ್ರಕ್ಕೆ ಆಜ್ಞೆಗಳನ್ನು ಒಂದಾದ ಮೇಲೊಂದರಂತೆ ಕೊಡುತ್ತೇವೆ: ಇದನ್ನು ಓದು, ಅದರೊಡನೆ ಕೂಡಿಸು, ಮುಗಿಯುವವರೆಗೆ ಮತ್ತೆ ಮಾಡು. ಟಿಡಿಎಲ್‌ನ ಸ್ವಭಾವ ಬೇರೆ. ಅಲ್ಲಿ ಬಹುಪಾಲು ಕೆಲಸ ಆಜ್ಞೆಯಲ್ಲ, ವರ್ಣನೆ. ಮೇಲೆ ಹೇಳಿದ ಪಟ್ಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಒಂದು ‘ರಿಪೋರ್ಟ್’. ರಿಪೋರ್ಟಿನೊಳಗೆ ಒಂದು ‘ಫಾರ್ಮ್’, ಎಂದರೆ ಕಾಗದದ ಹಾಳೆ. ಹಾಳೆಯಲ್ಲಿ ‘ಪಾರ್ಟ್’ಗಳೆಂಬ ಭಾಗಗಳು: ಮೇಲೆ ಅಂಗಡಿಯ ಹೆಸರು, ನಡುವೆ ತೂಕದ ವಿವರ, ಕೆಳಗೆ ಮೊತ್ತ. ಭಾಗದೊಳಗೆ ‘ಲೈನ್’ಗಳು, ಲೈನಿನೊಳಗೆ ‘ಫೀಲ್ಡ್’ ಎಂಬ ಮನೆಗಳು. ಒಂದು ಮನೆಯಲ್ಲಿ ತೂಕ ಕಾಣಬೇಕು, ಇನ್ನೊಂದರಲ್ಲಿ ಧಾರಣೆ ಕಾಣಬೇಕು ಎಂದು ಹೇಳಿದರಾಯಿತು. ಚೀಲಗಳು ಎಷ್ಟಿವೆಯೋ ಅಷ್ಟು ಸಾಲುಗಳನ್ನು ಯಂತ್ರ ತಾನೇ ಎಳೆದುಕೊಳ್ಳುತ್ತದೆ. ಮಾಹಿತಿಯನ್ನು ಒಟ್ಟುಗೂಡಿಸಿ ಕೊಡುವುದಕ್ಕೆ ‘ಕಲೆಕ್ಷನ್’ ಎಂಬ ಇನ್ನೊಂದು ಘಟಕವಿದೆ. ಟ್ಯಾಲಿಯ ಪರದೆಗಳೂ ಈ ಭಾಷೆಯಲ್ಲೇ ರಚಿತವಾಗಿವೆ. ಆದುದರಿಂದ ಇರುವ ಫಾರ್ಮಿನ ಹೆಸರಿನ ಹಿಂದೆ ಒಂದು ಚಿಹ್ನೆಯನ್ನಿಟ್ಟು “ಇದಕ್ಕೆ ಈ ಒಂದು ಸಾಲನ್ನು ಸೇರಿಸು” ಎಂದರೆ, ಮೂಲವನ್ನು ಮುಟ್ಟದೆಯೇ ಮಾರ್ಪಾಡು ಆಗುತ್ತದೆ. ಹಳೆಯ ಅಂಗಿಗೆ ಹೊಸ ಜೇಬು ಹೊಲಿದಂತೆ.

ಮೂಲ ತಂತ್ರಾಂಶದಲ್ಲಿ ಜಾಗವೇ ಇಲ್ಲದ ಸಂಗತಿಗಳೂ ಇರುತ್ತವೆ. ಲಾಟಿನ ಸಂಖ್ಯೆ, ಕಾಯಿಯ ದರ್ಜೆ ಮುಂತಾದವು. ಅವನ್ನಿಡಲು ಹೊಸ ಗೂಡುಗಳನ್ನು ಕಟ್ಟಿಕೊಳ್ಳಬಹುದು. ಪ್ರತಿ ಗೂಡಿಗೂ ಒಂದು ಕ್ರಮಸಂಖ್ಯೆ ಕೊಡಬೇಕು. ಇಬ್ಬರು ಬೇರೆ ಬೇರೆ ಕಾಲದಲ್ಲಿ ಒಂದೇ ಅಂಗಡಿಗೆ ಬಂದು, ಒಬ್ಬನು ಲಾಟಿನ ಸಂಖ್ಯೆಗೂ ಇನ್ನೊಬ್ಬನು ಹಮಾಲಿಗೂ ಒಂದೇ ಕ್ರಮಸಂಖ್ಯೆಯನ್ನು ಕೊಟ್ಟರೆ ಆಗುವ ಅವಾಂತರವನ್ನು ಓದುಗರು ಊಹಿಸಿಕೊಳ್ಳಬಹುದು. ಮಾಡಿದ್ದನ್ನು ಬರೆದಿಡುವ ಅಭ್ಯಾಸ ನಮ್ಮಲ್ಲಿ ಕಡಮೆ. ಈ ಕಸುಬಿನಲ್ಲಿ ಅದಿಲ್ಲದವನು ಕಾಲಿಡದಿರುವುದೇ ಲೇಸು.

ಇನ್ನು ಆಯುಷ್ಯದ ಮಾತು. ಭಾಷೆಗಳ ಜಾತಕ ಬರೆಯುವುದು ಸಾಧ್ಯವೇ? 1993ರಲ್ಲಿ ಅಮೆರಿಕದ ಖಭೌತವಿಜ್ಞಾನಿ ರಿಚರ್ಡ್ ಗಾಟ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಸ್ವಾರಸ್ಯಕರವಾದ ತರ್ಕವನ್ನು ಪ್ರಕಟಿಸಿದನು. ಅವನು 1969ರಲ್ಲಿ ಬರ್ಲಿನ್ ಗೋಡೆಯನ್ನು ಕಂಡಾಗ ಗೋಡೆಗೆ 8 ವರ್ಷ ವಯಸ್ಸು. ತಾನು ಬಂದ ಗಳಿಗೆಗೆ ಯಾವ ವಿಶೇಷವೂ ಇಲ್ಲ. ಆದುದರಿಂದ ಗೋಡೆಯ ಒಟ್ಟು ಆಯುಷ್ಯವನ್ನು ನಾಲ್ಕು ಪಾಲು ಮಾಡಿದರೆ, ತಾನು ನಡುವಣ ಎರಡು ಪಾಲುಗಳಲ್ಲಿ ಬಂದಿರುವ ಸಂಭವ ಅರ್ಧಕ್ಕರ್ಧ ಎಂದು ಅವನು ಯೋಚಿಸಿದನು. ಮೊದಲ ಪಾಲು ಆಗತಾನೆ ಮುಗಿದಿದ್ದರೆ ಮುಂದಿನ ಆಯುಷ್ಯ ಹಿಂದಿನದರ ಮೂರರಷ್ಟು. ಮೂರು ಪಾಲು ಮುಗಿದಿದ್ದರೆ ಹಿಂದಿನದರ ಮೂರನೆಯ ಒಂದು ಭಾಗ. ಎಂದರೆ ಗೋಡೆ ಇನ್ನು ಎರಡೂಮುಕ್ಕಾಲು ವರ್ಷಕ್ಕೆ ತುಸು ಕಡಮೆಯಿಂದ 24 ವರ್ಷದೊಳಗೆ ಬೀಳುವ ಸಂಭವ ಅರ್ಧಕ್ಕರ್ಧ. 1989ರಲ್ಲಿ, 20 ವರ್ಷದ ಮೇಲೆ, ಅದು ಬಿದ್ದಿತು.

ಇದೇ ಲೆಕ್ಕವನ್ನು ಟ್ಯಾಲಿಗೆ ಹಚ್ಚೋಣ. 1986ರಿಂದ 2026ಕ್ಕೆ 40 ವರ್ಷ. ಮುಂದಿನ ಆಯುಷ್ಯ 13 ವರ್ಷಕ್ಕೂ 120 ವರ್ಷಕ್ಕೂ ನಡುವೆ ಇರುವ ಸಂಭವ ಅರ್ಧಕ್ಕರ್ಧ. ಉತ್ತರವೇನೋ ಬಂದಿತು, ಆದರೆ 13ಕ್ಕೂ 120ಕ್ಕೂ ನಡುವೆ ಎಂದರೆ ಮಳೆ ಬಂದರೂ ಬಂದೀತು, ಬಾರದಿದ್ದರೂ ಇದ್ದೀತು ಎಂಬ ಪಂಚಾಂಗದ ಮಾತಿಗಿಂತ ಬಹಳ ಮೇಲಲ್ಲ. ಜೊತೆಗೆ ಇದು ತಂತ್ರಾಂಶದ ವಯಸ್ಸೇ ಹೊರತು ಭಾಷೆಯ ವಯಸ್ಸಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕು. ನಾವು ಬಂದ ಗಳಿಗೆಗೆ ವಿಶೇಷವಿಲ್ಲ ಎಂಬುದು ಈ ತರ್ಕದ ಬುಡ. ಒಂದು ಭಾಷೆಯ ಹೆಸರು ಎಲ್ಲರ ಬಾಯಲ್ಲಿದ್ದು, ತರಬೇತಿಯ ಫಲಕಗಳು ಬೀದಿಬೀದಿಯಲ್ಲಿ ತೂಗುತ್ತಿರುವಾಗ ನಾವು ಅದನ್ನು ಕಲಿಯಲು ಹೊರಟರೆ, ಬೆಳೆ ಹೂವಿಗೆ ಬಂದಾಗಲೇ ಹೊಲ ನೋಡಲು ಹೋದಂತೆ, ಗಳಿಗೆ ವಿಶೇಷವಾದದ್ದೇ. ಆಗ ಲೆಕ್ಕ ಕೈಕೊಡುತ್ತದೆ. ಈ ತರ್ಕದಿಂದ ನಾವು ಕಲಿಯತಕ್ಕುದು ಇಷ್ಟು: ನಿನ್ನೆ ಹುಟ್ಟಿದ ಭಾಷೆಯ ಮೇಲೆ ಇಡುವುದಕ್ಕಿಂತ ನಾಲ್ಕು ದಶಕ ನಿಂತುದರ ಮೇಲೆ ಹೆಚ್ಚು ಭರವಸೆಯಿಡಬಹುದು. 1957ರ ಫೋರ್ಟ್ರಾನ್ ಇಂದಿಗೂ ವಿಜ್ಞಾನದ ಭಾರಿ ಲೆಕ್ಕಗಳಲ್ಲಿ ದುಡಿಯುತ್ತಿದೆ. 1959ರಲ್ಲಿ ಮೊಳೆತ ಕೋಬಾಲ್ ಬ್ಯಾಂಕುಗಳಲ್ಲಿ ಇನ್ನೂ ಉಸಿರಾಡುತ್ತಿದೆ.

ಹಾಗಾದರೆ ಸತ್ತ ಭಾಷೆ ಹೇಗಿರುತ್ತದೆ? 1990ರ ದಶಕದಲ್ಲಿ ಕಂಪ್ಯೂಟರು ಕಲಿತವರಿಗೆ ‘ಫಾಕ್ಸ್‌ಪ್ರೊ’ ಎಂಬ ಹೆಸರು ಮರೆತಿರಲಾರದು. ನಮ್ಮ ಸಣ್ಣ ಊರುಗಳ ತರಬೇತಿ ಕೇಂದ್ರಗಳಲ್ಲಿಯೂ ಅದು ಪಾಠವಾಗಿದ್ದ ಕಾಲ. ಸಂಬಳದ ಪಟ್ಟಿ, ಉಗ್ರಾಣದ ಲೆಕ್ಕ ಎಲ್ಲವೂ ಅದರಲ್ಲೇ. 1992ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಕೊಂಡಿತು. ಒಂಬತ್ತನೆಯ ಆವೃತ್ತಿ 2004ರಲ್ಲಿ ಬಂದಿತು. 2007ರಲ್ಲಿ ‘ಹತ್ತನೆಯದು ಬರುವುದಿಲ್ಲ’ ಎಂದು ಸಂಸ್ಥೆ ಸಾರಿತು. 2015ರ ಜನವರಿಯಲ್ಲಿ ಬೆಂಬಲವೂ ನಿಂತಿತು. ಭಾಷೆ ಕೆಟ್ಟದಾಗಿತ್ತೆಂದಲ್ಲ. ಒಡೆಯನಿಗೆ ಅದು ಬೇಡವಾಯಿತು, ಅಷ್ಟೆ.

ಈ ‘ಒಡೆಯ’ ಎಂಬ ಮಾತಿನಲ್ಲಿಯೇ ಪ್ರಶ್ನೆಯ ತಿರುಳಿದೆ. ರಾಣೆಬೆನ್ನೂರಿನ ಸುತ್ತಣ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಭಾಗ ಬೀಜೋತ್ಪಾದನೆಗೆ ಹೆಸರಾದದ್ದು. ಹಳೆಯ ಕಡ್ಡಿ ಕಾಯಿಯಾದರೆ ಒಳ್ಳೆಯ ಗಿಡದ ಕಾಯನ್ನು ಬೇರೆ ಒಣಗಿಸಿಟ್ಟು ಮರುವರ್ಷ ಅದರ ಬೀಜವನ್ನೇ ಬಿತ್ತಬಹುದು. ಸಂಕರ ತಳಿಯ ಬೀಜ ಹಾಗಲ್ಲ. ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ ಒಂದೇ ತೆರನಾಗಿ, ಸೊಂಪಾಗಿ ಬೆಳೆಯುತ್ತದೆ. ಅದರ ಬೀಜವನ್ನು ಮತ್ತೆ ಬಿತ್ತಿದರೆ ಮೆಂಡಲನು ಬಟಾಣಿಯಲ್ಲಿ ಕಂಡಂತೆ ಗುಣಗಳು ಒಡೆದು ಚೆದರಿಹೋಗುತ್ತವೆ. ಆದುದರಿಂದ ಪ್ರತಿ ವರ್ಷವೂ ಬೀಜದ ಅಂಗಡಿಗೆ ಹೋಗಬೇಕು. ಹಾಗೆಂದು ರೈತನು ಸಂಕರ ಬೀಜವನ್ನು ಬಿಟ್ಟಿದ್ದಾನೆಯೇ? ಇಲ್ಲ. ಇಳುವರಿ ಇರುವವರೆಗೆ ಕೊಳ್ಳುತ್ತಾನೆ. ಒಂದು ಕಂಪನಿ ಬೀಜ ನಿಲ್ಲಿಸಿದರೆ ತನ್ನ ಹೊಲ ಬೀಳುಬೀಳದಂತೆ ನೋಡಿಕೊಳ್ಳುತ್ತಾನೆ.

ಟಿಡಿಎಲ್ ಕೊಂಡುತರುವ ಬೀಜದ ಜಾತಿಗೆ ಸೇರಿದ್ದು. ಒಂದೇ ಸಂಸ್ಥೆಯ ಸ್ವತ್ತು. ಆ ಸಂಸ್ಥೆ ತಂತ್ರಾಂಶದ ದಾರಿ ಬದಲಿಸಿದರೆ ಕಲಿತವನೂ ಬದಲಿಸಬೇಕು. 2009ರ ಇಆರ್‌ಪಿ 9 ಹೋಗಿ 2020ರ ನವೆಂಬರಿನಲ್ಲಿ ‘ಟ್ಯಾಲಿಪ್ರೈಮ್’ ಬಂದಾಗ ಭಾಷೆ ಉಳಿದುಬಂದಿತು. ಆದರೆ ಪರದೆಗಳ ರೂಪ ಬದಲಾದುದರಿಂದ ಹಳೆಯ ಕೆಲವು ಕ್ರಮವಿಧಿಗಳನ್ನು ತಿದ್ದಬೇಕಾಯಿತು. ಇದಕ್ಕೆ ಎದುರಾಗಿ ‘ಎಸ್‌ಕ್ಯೂಎಲ್’ ಮನೆಯ ಬೀಜ. ಐಬಿಎಂ ಸಂಸ್ಥೆಯ ಕಾಡ್ 1970ರಲ್ಲಿ ಮಾಹಿತಿಯನ್ನು ಕೋಷ್ಟಕಗಳಾಗಿ ಜೋಡಿಸುವ ಸಿದ್ಧಾಂತವನ್ನು ಹೇಳಿದನು. ಅದರ ಮೇಲೆ ಚೇಂಬರ್‌ಲಿನ್ ಮತ್ತು ಬಾಯ್ಸ್ 1974ರಲ್ಲಿ ಈ ಭಾಷೆಯನ್ನು ಕಟ್ಟಿದರು. 1986ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಮಾನಕವಾಯಿತು. ಇಂದು ಅದು ಯಾರೊಬ್ಬರ ಸ್ವತ್ತೂ ಅಲ್ಲ. ಒಂದು ಕಂಪನಿ ಮುಚ್ಚಿದರೆ ಇನ್ನೊಂದರಲ್ಲಿ ಅದೇ ವಿದ್ಯೆ ನಡೆಯುತ್ತದೆ. ಸ್ವಾರಸ್ಯವೇನೆಂದರೆ ಫಾಕ್ಸ್‌ಪ್ರೊ ತನ್ನ ಹೊಟ್ಟೆಯಲ್ಲಿ ಎಸ್‌ಕ್ಯೂಎಲ್‌ನ ಒಂದು ತುಂಡನ್ನು ಇಟ್ಟುಕೊಂಡಿತ್ತು. ಅದನ್ನು ಅಸ್ಥೆಯಿಂದ ಕಲಿತವರು ಫಾಕ್ಸ್‌ಪ್ರೊ ಸತ್ತಾಗ ಅನಾಥರಾಗಲಿಲ್ಲ. ಬರಿಯ ಕೀಲಿಗಳನ್ನು ಉರುಹೊಡೆದವರು ಆದರು.

ಹಾವೇರಿಯ ವಿದ್ಯಾರ್ಥಿಯ ವೆರಿಲಾಗ್ ಇವೆರಡರ ನಡುವಣ ಪಯಣ ಮಾಡಿದೆ. 1980ರ ದಶಕದ ನಡುವೆ ಒಂದು ಕಂಪನಿಯ ಗುಟ್ಟಾಗಿ ಹುಟ್ಟಿ, 1990ರಲ್ಲಿ ಬಯಲಿಗೆ ಬಂದು, 1995ರಲ್ಲಿ ಮಾನಕವಾಯಿತು; ಬಳಿಕ ‘ಸಿಸ್ಟಮ್‌ವೆರಿಲಾಗ್’ ಎಂಬ ಮಗುವಿನಲ್ಲಿ ಲೀನವಾಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ಚಿಪ್ಪುಗಳ ವಿನ್ಯಾಸಕ್ಕೆ ಅಲ್ಲಿ ಕೆಲಸವುಂಟು. ಅದನ್ನು ಕಲಿಯುವವನು ಮಾತ್ರ ಊರು ಬಿಡಲು ಸಿದ್ಧನಾಗಿರಬೇಕು. ನಮ್ಮ ತರುಣನಿಗೆ ಊರು ಬಿಡುವ ಮನಸ್ಸಿಲ್ಲ. ಹೊಲ ನೋಡಿಕೊಳ್ಳಲು ಬೇರೆ ಗಂಡಾಳಿಲ್ಲ. ಅವನಿಗೆ ಬೇಕಾದದ್ದು ಬಸ್ಸಿನಲ್ಲೋ ರೈಲಿನಲ್ಲೋ ಬೆಳಿಗ್ಗೆ ಹೋಗಿ ಸಂಜೆ ಮರಳುವಷ್ಟು ದೂರದಲ್ಲಿರುವ ಕೆಲಸ. ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಮೂರೂ ಒಂದೇ ರೈಲುದಾರಿಯ ಮೇಲಿವೆ; ಮೂರರಲ್ಲಿಯೂ ದಲಾಲಿ ಅಂಗಡಿ, ಬೀಜದ ಅಂಗಡಿ, ಹತ್ತಿಯ ವ್ಯಾಪಾರ ಉಂಟು. ಲೋಕದಲ್ಲಿ ಒಂದು ಭಾಷೆಗೆ ಎಷ್ಟು ಲಕ್ಷ ಜನ ಗಿರಾಕಿಗಳಿದ್ದಾರೆ ಎಂಬುದಕ್ಕಿಂತ, ನಮ್ಮ ಬಾಗಿಲಿನಿಂದ ಒಂದು ಗಂಟೆಯ ಹಾದಿಯಲ್ಲಿ ಎಷ್ಟು ಜನರಿದ್ದಾರೆ ಎಂಬುದೇ ಇಂಥವನಿಗೆ ದೊಡ್ಡ ಪ್ರಶ್ನೆ. ಅಂಗಡಿ ಅಂಗಡಿಗೆ ಹೋಗಿ ‘ನಿಮ್ಮ ಪಟ್ಟಿಯಲ್ಲಿ ಯಾವುದು ಸರಿ ಬರುತ್ತಿಲ್ಲ?’ ಎಂದು ಕೇಳಿ ಬಂದರೆ ಅದಕ್ಕೆ ಉತ್ತರ ಒಂದು ವಾರದಲ್ಲಿ ಸಿಗುತ್ತದೆ. ಶುಲ್ಕ ಕಟ್ಟುವ ಮೊದಲು ಆ ಒಂದು ವಾರವನ್ನು ವ್ಯಯ ಮಾಡು ಎಂದೆವು.

ಕಾನೂನು ಬದಲಾದಾಗಲೆಲ್ಲ ಈ ಕಸುಬಿಗೆ ಸುಗ್ಗಿ. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ವ್ಯಾಟ್ ಬಂದಿತು. 2017ರ ಜುಲೈ 1ರಂದು ಅದು ಹೋಗಿ ಜಿಎಸ್‌ಟಿ ಬಂದಿತು. ಎರಡು ಸಲವೂ ಬಿಲ್ಲಿನ ರೂಪವೇ ಬದಲಾಯಿತು. ಮೂರನೆಯ ಸಲ ಯಾವಾಗ ಎಂದು ನಾವು ಹೇಳಲಾರೆವು. ಆದರೆ ತೆರಿಗೆಯ ನಿಯಮ ಬಲ್ಲವನಿಗೆ ಆಗಲೂ ಕೆಲಸವಿದ್ದೇ ಇರುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಕಲಿಕೆಗೆ ಒಟ್ಟು 200 ಗಂಟೆ ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಅದರಲ್ಲಿ ಈ ಭಾಷೆಗೇ ವಿಶಿಷ್ಟವಾದ ಚಿಹ್ನೆ, ವಿಧಿ, ಹೆಸರುಗಳಿಗೆ 60 ಗಂಟೆ. ಉಳಿದ 140 ಗಂಟೆ ಯಾವುದಕ್ಕೆ? ಜಮಾ-ಖರ್ಚಿನ ಸಂಬಂಧ, ಮಾಹಿತಿಯನ್ನು ಜೋಡಿಸುವ ಕ್ರಮ, ತಪ್ಪನ್ನು ಹುಡುಕುವ ತಾಳ್ಮೆ, ಅಂಗಡಿಯವನ ಬಾಯಿಮಾತನ್ನು ನಿಯಮವಾಗಿ ಬರೆಯುವ ಶಕ್ತಿ. ನಾಳೆ ಟಿಡಿಎಲ್ ನಿಂತರೆ ನಷ್ಟವಾಗುವುದು 60; 140 ಕೈಯಲ್ಲಿಯೇ ಉಳಿಯುತ್ತದೆ. ಈ ಅಂಕೆಗಳು ನಾವು ಕಲ್ಪಿಸಿಕೊಂಡವು; ಒಬ್ಬೊಬ್ಬರಿಗೆ ಒಂದೊಂದು ಬಗೆ. ಪ್ರಮಾಣ ತಲೆಕೆಳಗಾಗಿ 140 ಗಂಟೆ ಬರಿಯ ಚಿಹ್ನೆಗಳಿಗೇ ಹೋಗುವ ಭಾಷೆಯಾದರೆ, ಅದಕ್ಕೆ ಕೂಡಲೇ ಫಲ ಸಿಗುವ ಭರವಸೆಯಿಲ್ಲದೆ ಕೈ ಹಾಕಬಾರದು. ಈಚೆಗೆ ಮನುಷ್ಯರ ಮಾತನ್ನು ಕೇಳಿ ಕ್ರಮವಿಧಿ ಬರೆದುಕೊಡುವ ಯಂತ್ರಗಳೂ ಬಂದಿವೆ. ಹೆಚ್ಚು ಜನ ಬಳಸುವ ಭಾಷೆಗಳಲ್ಲಿ ಅವುಗಳ ಕೈ ಚುರುಕು, ಟಿಡಿಎಲ್‌ನಂಥ ಸಣ್ಣ ಭಾಷೆಗಳಲ್ಲಿ ಅವು ಓದಿದ ಮಾದರಿಗಳೇ ಕಡಮೆಯಾದುದರಿಂದ ತಪ್ಪುವುದು ಹೆಚ್ಚು. ಇದು ಇಂದಿನ ಮಟ್ಟಿಗೆ ಕಲಿತವನಿಗೆ ಅನುಕೂಲ. ಆದರೆ ಆ 60 ಗಂಟೆಗಳ ಬೆಲೆ ಮುಂದೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಎಂದು ನಮಗೆ ತೋರುತ್ತದೆ.

ಹೀಗೆಲ್ಲ ಹೇಳಿ, “ಆರು ತಿಂಗಳು ಬೇಡ, ಮಳೆಗಾಲದ ಮೂರು ತಿಂಗಳು ಕಲಿ, ಪೇಟೆಯಲ್ಲಿ ಕಾಯಿ ಕಡಮೆ ಇರುವ ಕಾಲ. ಶುಲ್ಕ ಕಟ್ಟುವ ಮೊದಲು ಟ್ಯಾಲಿಯ ಮೂಲ ನಿರೂಪಣೆಗಳನ್ನೇ ತೆರೆದು ಓದು. ಜೊತೆಗೆ ಎಸ್‌ಕ್ಯೂಎಲ್‌ನ ಮೊದಲ ಪಾಠಗಳನ್ನು ಬಿಡಬೇಡ” ಎಂದು ಕಳುಹಿಸಿಕೊಟ್ಟೆವು.

ಮಾರನೆಯ ಸುಗ್ಗಿಗೆ ಅವನು ಮತ್ತೆ ಸಿಕ್ಕಿದನು. ತನ್ನ ಅಂಗಡಿಗಾಗಿ ಚೀಲವಾರು ತೂಕ ತೋರಿಸುವ ಪಟ್ಟಿಯೊಂದನ್ನು ಟಿಡಿಎಲ್‌ನಲ್ಲಿ ಬರೆದಿದ್ದನು. ಯಜಮಾನನಿಗೆ ತೋರಿಸುವ ಮೊದಲು ಮನೆಯಲ್ಲಿ ತಂದೆಯ ಹಿಂದಿನ ವರ್ಷದ ಮಾಲಿನ ತೂಕಗಳನ್ನೇ ಹಾಕಿ ಒಂದು ಪ್ರತಿ ತೆಗೆದನಂತೆ. ಹಾಳೆ ಅಂದವಾಗಿ ಕಾಣಲೆಂದು ಪ್ರತಿ ಚೀಲದ ತೂಕದಲ್ಲಿ ಕಿಲೋವಿನ ಮೇಲಣ ಭಿನ್ನಾಂಶವನ್ನು ಬಿಟ್ಟು, ಪೂರ್ಣಾಂಕಗಳನ್ನು ಕೂಡಿಸುವಂತೆ ಬರೆದಿದ್ದನು. ತೂಕದ ಯಂತ್ರ ನೂರು ಗ್ರಾಮುಗಳ ಮೆಟ್ಟಿಲಿನಲ್ಲಿ ತೋರಿಸುತ್ತದೆಂದರೆ ಬಿಟ್ಟುಹೋಗುವ ಅಂಶ ಸೊನ್ನೆಯಿಂದ 900 ಗ್ರಾಮಿನವರೆಗೆ, ಸರಾಸರಿ 450 ಗ್ರಾಮು. ಒಂದು ಚೀಲಕ್ಕೆ ಅದು ಕಣ್ಣಿಗೆ ಬೀಳುವುದಿಲ್ಲ. 40 ಚೀಲಕ್ಕೆ 18 ಕಿಲೋ. ಕಿಲೋವಿಗೆ 300 ರೂಪಾಯಿ ಹಿಡಿದರೆ 5,400 ರೂಪಾಯಿ. ಅದೇ ಹಾಳೆ ಒಂದು ಸುಗ್ಗಿಯಲ್ಲಿ ನೂರು ರೈತರ ಕೈಗೆ ಹೋದರೆ ಎಷ್ಟಾಗುತ್ತದೆಂದು ಓದುಗರೇ ಗುಣಿಸಿಕೊಳ್ಳಲಿ. ವ್ಯಾಕರಣದ ದೃಷ್ಟಿಯಿಂದ ಆ ಕ್ರಮವಿಧಿಯಲ್ಲಿ ಒಂದು ತಪ್ಪೂ ಇರಲಿಲ್ಲ. ಯಂತ್ರ ಒಂದು ಆಕ್ಷೇಪಣೆಯನ್ನೂ ಎತ್ತಲಿಲ್ಲ.

ಎತ್ತಿದವರು ತಂದೆ. ಮೊತ್ತವನ್ನು ನೋಡಿ, ಗೂಟಕ್ಕೆ ತೂಗುಹಾಕಿದ ಚೀಲದಿಂದ ಹಳೆಯ ಕೈಪಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟುಕೊಂಡು, “ಇದರಾಗ ಹದಿನೆಂಟು ಕಿಲೋ ಎಲ್ಲಿ ಹೋತಪಾ, ತಮ್ಮಾ?” ಎಂದು ಕೇಳಿದರಂತೆ. ಅವನು ಆ ರಾತ್ರಿಯೇ ಆ ಒಂದು ಸಾಲನ್ನು ಬದಲಿಸಿದನು: ಮೊದಲು ಎಲ್ಲ ಚೀಲಗಳನ್ನೂ ಇದ್ದಂತೆಯೇ ಕೂಡಿಸಿ, ಒಟ್ಟು ತೂಕವನ್ನು ನೂರು ಗ್ರಾಮಿನವರೆಗೆ ಹಾಗೆಯೇ ಅಚ್ಚು ಮಾಡುವಂತೆ. ಆ ಹಾಳೆಯನ್ನು ನಮಗೂ ತೋರಿಸಿದನು. ಅಂಕೆಗಳು ಹಿಂದಿನಷ್ಟು ಅಂದವಾಗಿರಲಿಲ್ಲ. ಇನ್ನೆರಡು ಅಂಗಡಿಯವರು ತಮಗೂ ಅಂಥದೇ ಬೇಕೆಂದು ಕೇಳಿದ್ದಾರೆ ಎಂದು ಹೇಳಿ, ಗುರುವಾರದ ಪೇಟೆಗೆ ಹೊತ್ತಾಯಿತೆಂದು ಅವನು ಎದ್ದನು.